ಚೆಲುವಿಯ ಕಿವಿಗೆ ಹೇಳಿದ್ದು

ಡಾಕ್ಟರ್ ಚನ್ನಕೇಶವಯ್ಯನವರು ಆರು ವರ್ಷ ನಮ್ಮ ಮನೆಗೆ ಬಂದರು, ಒಂದು ದಿನವೂ ನನ್ನ ಜೊತೆ ಮಾತಾಡಲಿಲ್ಲ. ನನ್ನ ಜೊತೆ ಮಾತ್ರ ಅಂತಲ್ಲ, ನಮ್ಮ ಮನೆಯವರ ಜೊತೆಗೂ ಇಲ್ಲ, ನಮ್ಮತ್ತೆಯ ಜೊತೆಗೂ ಇಲ್ಲ. ಮಾತೆಲ್ಲ ಕುದುರೆಯ ಜೊತೆಗೇ. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು, ಬ್ಯಾಗ್ ಹಿಡಿದು ನೇರವಾಗಿ ಲಾಯಕ್ಕೆ ಹೋಗಿ "ಏನಮ್ಮ ಚೆಲುವಿ, ಹೇಗಿದೀಯ?" ಅನ್ನುತ್ತಿದ್ದರು. ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದವಳು ನಾನು. ಲೋಟ ತಗೊಂಡು, ಒಂದು ಗುಟುಕು ಕುಡಿದು, ಕುದುರೆಗೆ ಹೇಳುವರು: "ಕಾಫಿ ಚೆನ್ನಾಗಿದೆ ಅಂತ ನಿಮ್ಮಮ್ಮಂಗೆ ಹೇಳು. ಸಕ್ಕರೆ ಒಂಚೂರು ಜಾಸ್ತಿ."

ಅಂದರೆ ಕುದುರೆಯ ಅಮ್ಮ ನಾನು. ಅಪ್ಪ ನಮ್ಮ ಮನೆಯವರು, ಅಜ್ಜಿ ನಮ್ಮತ್ತೆ. ಸಂಬಂಧ ಕಟ್ಟಿದ್ದು ಡಾಕ್ಟರೇ.

ಚೆಲುವಿ ನಮ್ಮ ಬಿಳಿ ಹೆಣ್ಣು ಕುದುರೆ. ನಮ್ಮ ಮನೆ ಇರುವುದು ಕಾಮಾಕ್ಷಿಪಾಳ್ಯದಲ್ಲಿ. ಮನೆಯ ಹಿಂದೆ ಒಂದು ಲೇತ್ ವರ್ಕ್‌ಶಾಪು, ಎರಡರ ಮಧ್ಯೆ ಶೀಟು ಹೊದಿಸಿದ ಲಾಯ. ಮಾವನ ಕಾಲದಲ್ಲಿ ಅಲ್ಲಿ ಜಟಕಾ ಕುದುರೆ ಇತ್ತಂತೆ. ಜಟಕಾ ಹೋಯಿತು, ಮಾವನೂ ಹೋದರು, ಕುದುರೆ ಕಟ್ಟುವ ಚಟ ಮಾತ್ರ ಮಗನಿಗೆ ಬಂತು. ನಮ್ಮ ಮನೆಯವರು ವಾರದ ದಿನ ಲಗೇಜ್ ಆಟೋ ಓಡಿಸುತ್ತಾರೆ, ಮದುವೆ ಇದ್ದ ದಿನ ಚೆಲುವಿಗೆ ಜರಿಬಟ್ಟೆ ಹೊದಿಸಿ, ಗಂಡನ್ನು ಕೂರಿಸಿ, ಛತ್ರದವರೆಗೆ ನಡೆಸಿಕೊಂಡು ಹೋಗುತ್ತಾರೆ. ನೀರಿನ ಬಕೆಟ್ ಹಿಡಿದು ಹಿಂದೆ ನಾನು. ಮದುವೆಯಾಗಿ ಬಂದ ಹೊಸದರಲ್ಲಿ ಕುದುರೆ ಅಂದರೆ ಮಾರು ದೂರ ನಿಲ್ಲುತ್ತಿದ್ದೆ. ಈಗ ಈ ಮನೆಯಲ್ಲಿ ನನ್ನ ಮಾತು ಕೇಳುವುದು ಅಂತ ಇದ್ದರೆ ಅದು ಚೆಲುವಿ ಒಬ್ಬಳೇ.

ಡಾಕ್ಟರು ಸರ್ಕಾರಿ ಪಶು ಆಸ್ಪತ್ರೆಯಿಂದ ರಿಟೈರ್ ಆಗಿ ಕೆಂಗೇರಿ ಉಪನಗರದಲ್ಲಿದ್ದರು. ನಾಯಿ ನೋಡುವ ಡಾಕ್ಟರು ಈಗ ಬೀದಿಗೊಬ್ಬರು ಸಿಗುತ್ತಾರೆ, ಕುದುರೆ ಅಂದ ತಕ್ಷಣ ಫೋನ್ ಇಟ್ಟುಬಿಡುತ್ತಾರೆ. ಯಾರೋ ಹೇಳಿದರು ಅಂತ ಇವರನ್ನು ಹುಡುಕಿ ಕರೆಸಿದ್ದು ನಮ್ಮತ್ತೆಯ ದೆಸೆಯಿಂದ. ಅತ್ತೆಗೆ ಬಿಳಿ ಬಟ್ಟೆ ಬೆಳ್ಳಗಿರಬೇಕು, ಬಿಳಿ ಕುದುರೆಯೂ ಬೆಳ್ಳಗಿರಬೇಕು. ಸೋಪಿನ ಪುಡಿ ಹಾಕಿ ತಿಕ್ಕಿ, ಕೊನೇ ಬಕೆಟ್ಟಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ ಸುರಿಯುವುದು ಅವರ ಪದ್ಧತಿ. ಆ ಸಲ ಕೈ ಜಾರಿ ನೀಲಿ ಜಾಸ್ತಿ ಬಿತ್ತು. ಡಾಕ್ಟರು ಬಂದಾಗ ಚೆಲುವಿ ಆಕಾಶದ ಬಣ್ಣದಲ್ಲಿ ನಿಂತು, ನವೆ ತಡೆಯಲಾರದೆ ಗೋಡೆಗೆ ಮೈ ಉಜ್ಜುತ್ತಿದ್ದಳು. ಡಾಕ್ಟರು ಅವಳ ಸುತ್ತ ಒಂದು ಸುತ್ತು ಬಂದರು. ಬೆರಳಿಂದ ಮೈ ಸವರಿ ಬೆರಳು ನೋಡಿಕೊಂಡರು.

"ನೋಡಮ್ಮ, ನೀನು ಸೀರೆ ಅಲ್ಲ. ನಿಮ್ಮಜ್ಜಿಗೆ ಹೇಳು, ನಿನ್ನನ್ನ ಹಿಂಡಿ ತಂತಿ ಮೇಲೆ ಒಣಗಿ ಹಾಕೋಕಾಗಲ್ಲ ಅಂತ. ಬರೀ ನೀರು, ಒಂದು ಬ್ರಷ್ಷು. ಸಾಕು."

ನಮ್ಮತ್ತೆ ಹುಟ್ಟಿದ ಲಾಗಾಯ್ತು ಯಾರ ಮಾತೂ ಕೇಳಿದವರಲ್ಲ. ರೇಷನ್ ಅಂಗಡಿಯವನಿಂದ ಹಿಡಿದು ಕಾರ್ಪೊರೇಟರ್ ತನಕ ಅವರ ಬಾಯಿಗೆ ಹೆದರುತ್ತಾರೆ. ಅವತ್ತು ಬಾಯಿ ತೆರೆದರು, ಮುಚ್ಚಿದರು. ಅವರನ್ನು ಯಾರು ಏನಂದರು? ಕುದುರೆಗೆ ಹೇಳಿದ ಮಾತಿಗೆ ಜಗಳ ತೆಗೆಯುವುದು ಹೇಗೆ? ನೀಲಿ ಬಾಟಲಿ ಅವತ್ತೇ ಅಟ್ಟ ಸೇರಿತು.

ಫೋನಿನಲ್ಲೂ ಇದೇ ಕಥೆ. ನಾವು ಫೋನ್ ಮಾಡಿದರೆ "ಹಲೋ, ಚೆಲುವಿ ಇದಾಳಾ?" ಅನ್ನುವರು. ಸ್ಪೀಕರ್ ಹಾಕಿ ಅವಳ ಕಿವಿಯ ಹತ್ತಿರ ಹಿಡಿಯಬೇಕು. ಅವಳು ಕಿವಿ ಆಡಿಸಿಕೊಂಡು ಕೇಳುತ್ತಿದ್ದಳು, ನಾವು ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು. ಒಂದು ವಿಷಯ ಒಪ್ಪಬೇಕು: ಹಾಗೆ ಕೇಳಿಸಿಕೊಂಡ ಒಂದು ಮಾತೂ ನನಗೆ ಇವತ್ತಿನವರೆಗೂ ಮರೆತಿಲ್ಲ. ಬೇಸಿಗೆಗೆ ಮುಂಚೆ, "ಬಿಸಿಲು ಶುರುವಾಯ್ತು ಕಣಮ್ಮ, ನೀರು ಕೇಳಿ ಕುಡಿ, ಉಪ್ಪಿನ ಗಡ್ಡೆ ಕಟ್ಟಿಸ್ಕೊಂಡು ನೆಕ್ಕು, ಮಟಮಟ ಮಧ್ಯಾಹ್ನ ಟಾರ್ ರೋಡಲ್ಲಿ ಕುಣಿ ಅಂದ್ರೆ ಕುಣೀಬೇಡ" ಅಂತ. ಮಳೆ ಹಿಡಿಯುವಾಗ ಗೊರಸಿನದು: ಒದ್ದೆ ನೆಲದಲ್ಲಿ ನಿಲ್ಲಬಾರದು, ಬೆಳಿಗ್ಗೆ ಸಂಜೆ ಸಂದಿಯ ಕೊಳೆ ಕೆರೆಸಿಕೊಳ್ಳಬೇಕು, ಕೆಟ್ಟ ವಾಸನೆ ಬಂದರೆ ಅವತ್ತೇ ಫೋನ್ ಮಾಡಬೇಕು. ನಮ್ಮ ಬೀದಿ ತುಂಬ ಲೇತಿನ ಕಬ್ಬಿಣದ ಚೂರು, ಆದ್ದರಿಂದ ವರ್ಷಕ್ಕೊಂದು ಧನುರ್ವಾಯು ಇಂಜೆಕ್ಷನ್ ತಪ್ಪಿಸುವ ಹಾಗಿಲ್ಲ. ಜಂತುಹುಳದ ಔಷಧಿ ಕೊಡುವ ಮುಂಚೆ ಲದ್ದಿ ಒಡೆದು ನೋಡಿ, "ನಿಮ್ಮಪ್ಪ ಹುಲ್ಲು ಒದರದೆ ಹಾಕ್ತಾನೆ, ಮಣ್ಣೆಲ್ಲ ನಿನ್ನ ಹೊಟ್ಟೇಲಿದೆ" ಅನ್ನುವರು. ಪಕ್ಕದಲ್ಲೇ ನಿಂತ ಅಪ್ಪ ತಲೆ ತಗ್ಗಿಸುವರು. ನನಗೋ ಖುಷಿಯೋ ಖುಷಿ. ಹದಿನೆಂಟು ವರ್ಷ ನಾನು ಹೇಳಿ ಹೇಳಿ ಸೋತದ್ದನ್ನು ಡಾಕ್ಟರು ಕುದುರೆಗೆ ಒಂದು ಸಲ ಹೇಳಿ ಗೆದ್ದಿದ್ದರು.

ಅವರು ಅತ್ಯಂತ ಕಟ್ಟುನಿಟ್ಟಾಗುತ್ತಿದ್ದದ್ದು ಆಷಾಢದಲ್ಲಿ. ಆಷಾಢದಲ್ಲಿ ಮದುವೆ ಇಲ್ಲವಲ್ಲ, ನಮ್ಮಂಥವರ ಕುದುರೆಗೆ ತಿಂಗಳಿಡೀ ರಜೆ. ಹೋದ ವರ್ಷ ಆಷಾಢ ಹುಟ್ಟಿದ ದಿನ ಬಂದು, ಚೆಲುವಿಯ ಹಲ್ಲು ಅರದಲ್ಲಿ ಉಜ್ಜಿ ಸಮ ಮಾಡಿ, ಕೈ ತೊಳೆಯುತ್ತಾ ಹೇಳಿದರು: "ಕೆಲಸ ಇಲ್ಲ ಅಂದ್ಮೇಲೆ ಹುರುಳೀನೂ ಇಲ್ಲ ಕಣಮ್ಮ. ದಿನಕ್ಕೆ ಒಂದು ಹಿಡಿ, ಅಷ್ಟೇ. ಹುಲ್ಲು ಎಷ್ಟು ಬೇಕಾದ್ರೂ ತಿನ್ನು. ದಿನಾ ಒಂದು ಗಂಟೆ ನಡಿ. ನಿಂತಲ್ಲೇ ನಿಂತು ಹುರುಳಿ ತಿಂದು, ಶ್ರಾವಣದಲ್ಲಿ ಏಕಾಏಕಿ ಮೆರವಣಿಗೆಗೆ ಹೊರಟ್ರೆ ಸೊಂಟ ಹಿಡ್ಕೊಂಡುಬಿಡುತ್ತೆ. ಆಮೇಲೆ ಎದ್ದು ನಿಲ್ಲೋದೇ ಕಷ್ಟ."

ನಾನು ಕೇಳಿಸಿಕೊಂಡೆ. ಚೆನ್ನಾಗಿಯೇ ಕೇಳಿಸಿಕೊಂಡೆ. ಆದರೆ ನನ್ನ ಹೊಟ್ಟೆ ಉರಿಯಿತು. ವರ್ಷವೆಲ್ಲ ಬ್ಯಾಂಡು ಪಟಾಕಿಯ ಮಧ್ಯೆ ಯಾರು ಯಾರನ್ನೋ ಹೊತ್ತು ಕುಣಿದವಳಿಗೆ ಒಂದು ತಿಂಗಳು ರಜೆ ಸಿಕ್ಕರೆ, ಆಗ ಉಪವಾಸವೇ? ಎರಡನೇ ದಿನವೇ ಅವಳು ಖಾಲಿ ಬಾನಿ ನೆಕ್ಕಿ ನನ್ನ ಕಡೆ ನೋಡಿದಳು. ಒಳಗೆ ಹೋಗಿ, ಬೇಯಿಸಿದ ಹುರುಳಿ ಒಂದಿಷ್ಟು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಅತ್ತೆ ಮಧ್ಯಾಹ್ನ ಮಲಗಿದ ಹೊತ್ತು. ಯಾರೂ ನೋಡಲಿಲ್ಲ.

ಒಂದು ಸೆರಗು ಎರಡಾಯಿತು, ಎರಡು ನಾಲ್ಕಾಯಿತು. ಕಾಳು ಬೇಯಿಸಿದರೆ ಅದರ ಕಟ್ಟು ಉಳಿಯುತ್ತದಲ್ಲ, ಅದನ್ನು ಚೆಲ್ಲಿದರೆ ಅತ್ತೆಗೆ ಗೊತ್ತಾಗುತ್ತದೆ. ಹಾಗಾಗಿ ದಿನಾ ಹುರುಳಿ ಕಟ್ಟಿನ ಸಾರು. ಕಟ್ಟು ನಮಗೆ, ಕಾಳು ಚೆಲುವಿಗೆ. ನಮ್ಮ ಮನೆಯವರು ಮೊದಲ ವಾರ ಮುದ್ದೆ ಮುರಿದು ಮುರಿದು ಉಂಡರು. ಎರಡನೇ ವಾರ ತಟ್ಟೆ ನೋಡಿದರು, ನನ್ನ ಮುಖ ನೋಡಿದರು. ಮೂರನೇ ವಾರ, ಏನೇ ಇದು, ಅಂಗಡಿಯಲ್ಲಿ ಬೇರೆ ಕಾಳು ಸಿಗಲ್ವಾ ಅಂತ ಕೇಳಿದರು. ಮಳೆಗಾಲಕ್ಕೆ ಮೈಗೆ ಬೆಚ್ಚಗೆ ಅಂದೆ. ಆ ತಿಂಗಳು ಮಳೆಯೂ ಜಡಿಯಿತು, ಚೆಲುವಿ ಲಾಯ ಬಿಟ್ಟು ಹೊರಗೆ ಹೊರಟದ್ದೇ ಅಪರೂಪ.

ಶ್ರಾವಣದ ಮೊದಲ ಮದುವೆ ರಾಜಾಜಿನಗರದಲ್ಲಿ. ಸಂಜೆ ಆರು ಗಂಟೆ. ಗಂಡು ಕಪ್ಪು ಕನ್ನಡಕ ಹಾಕಿ ಕೂತಿದ್ದ, ಬ್ಯಾಂಡು ಜೋರಾಗಿತ್ತು, ಚೆಲುವಿ ದೇವಸ್ಥಾನದಿಂದ ನೂರು ಹೆಜ್ಜೆ ಬಂದಿದ್ದಳೋ ಇಲ್ಲವೋ, ನಿಂತುಬಿಟ್ಟಳು. ಮೈಯೆಲ್ಲ ಬೆವರು. ಹಿಂಗಾಲು ನಡುಗುತ್ತಿವೆ. ಸೊಂಟ ಮುಟ್ಟಿದರೆ ಮರದ ಕೊರಡು. ಬ್ಯಾಂಡಿನವರು ಅವಳು ಕುಣಿಯಲು ನಿಂತಳು ಅಂದುಕೊಂಡು ಇನ್ನೂ ಜೋರು ಬಾರಿಸಿದರು. ಗಂಡಿನ ಸೋದರಮಾವ, ಗ್ಯಾಸ್ ಆಗಿರುತ್ತೆ, ಸೋಡಾ ಕುಡಿಸಿ ಓಡಿಸಿ ಅಂದರು. ಇನ್ನೊಬ್ಬರು ಹಿಂದಿನಿಂದ ತಳ್ಳೋಣವಾ ಅಂತ ತೋಳು ಮಡಿಸಿದರು. ನಮ್ಮ ಮನೆಯವರು ಡಾಕ್ಟರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಚೆಲುವಿಯ ಕಿವಿಗೆ ಹಿಡಿದರು.

ಕುದುರೆಗೆ ಫೋನ್ ಬಂದಿದೆ ಅಂತ ಯಾರೋ ಅಂದರು. ಬ್ಯಾಂಡು ತಾನಾಗಿಯೇ ನಿಂತಿತು.

"ಚೆಲುವಿ, ಒಂದು ಹೆಜ್ಜೆನೂ ಇಡಬೇಡ," ಅಂತ ಡಾಕ್ಟರ ದನಿ ಬಂತು. "ಬೆನ್ನ ಮೇಲೆ ಕೂತಿರೋರಿಗೆ ಇಳಿಯೋಕೆ ಹೇಳು."

ಗಂಡು ಕನ್ನಡಕ ತೆಗೆದು, ಫೋನಿನ ಕಡೆ ಬಗ್ಗಿ, "ಇಳೀತಾ ಇದೀನಿ ಸಾರ್" ಅಂದ.

ಸೊಂಟದ ಮೇಲೆ ಬೆಚ್ಚಗೆ ಏನಾದರೂ ಹೊದ್ದುಕೋ, ನೀರು ಕುಡಿ, ನಾನು ಹೊರಟೆ ಅಂದರು. ಸೋಡಾ ಹೇಳಿದ ಸೋದರಮಾವನೇ ಹೆಗಲ ಮೇಲಿದ್ದ ಶಾಲು ತೆಗೆದು ಚೆಲುವಿಗೆ ಹೊದಿಸಿದರು. ಗಂಡು ಆಟೋ ಹತ್ತಿ ಛತ್ರಕ್ಕೆ ಹೋದ. ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಬಿದ್ದು ಡಾಕ್ಟರು ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು. ಬಾಟಲಿ ಎತ್ತಿ ಹಿಡಿದು ನಿಂತವಳು ನಾನು. ಚೆಲುವಿ ಉಚ್ಚೆ ಹೊಯ್ದಳು, ನೋಡಿದರೆ ಕಾಫಿ ಡಿಕಾಕ್ಷನ್ ಬಣ್ಣ. ಡಾಕ್ಟರ ಮುಖ ಸಣ್ಣದಾಯಿತು. ಇವಳು ಇಲ್ಲೇ ಮಲಗಿಬಿಟ್ಟರೆ ನಾನು ಏನು ಮಾಡಲಿ?

"ಆಷಾಢದಲ್ಲಿ ಏನು ತಿಂದೆ ಚೆಲುವಿ? ಯಾರು ಕೊಟ್ರು?"

ಹುರುಳಿ ಹಾಕುವ ಕೆಲಸ ನಮ್ಮ ಮನೆಯವರದು. ಅವರು ದೇವರಾಣೆ ನಾನಲ್ಲ ಸಾರ್, ಒಂದೇ ಹಿಡಿ ಹಾಕಿದೀನಿ ಅಂದರು. ಯಾರು ನಂಬುತ್ತಾರೆ? ಡಾಕ್ಟರು ಚೆಲುವಿಯ ಕುತ್ತಿಗೆ ಸವರುತ್ತಾ, ಇನ್ನೊಂದು ಸಲ ಹೀಗಾದರೆ ನೀನು ಏಳಲ್ಲ, ನಿಮ್ಮಪ್ಪಂಗೆ ಹೇಳು, ಪ್ರೀತಿ ಇದ್ರೆ ಬೆನ್ನು ಸವರಲಿ, ಹೊಟ್ಟೆ ತುಂಬಿಸೋದು ಬೇಡ ಅಂದರು. ನಾನು ಬಾಟಲಿ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಇಂಥ ಹೇಡಿ ನಾನು, ಈಗ ಒಪ್ಪಿಕೊಳ್ಳುತ್ತೇನೆ.

ಟೆಂಪೋದಲ್ಲಿ ಮನೆಗೆ ತಂದೆವು. ನಾಲ್ಕನೇ ದಿನ ಚೆಲುವಿ ಸಲೀಸಾಗಿ ಕಾಲೆತ್ತಿ ಇಟ್ಟಳು. ಆ ಶ್ರಾವಣವೆಲ್ಲ ಮದುವೆಗೆ ಹೋಗಲಿಲ್ಲ. ನಮ್ಮ ಮನೆಯವರಂತೂ ವರ್ಷವಿಡೀ ಮಾತು ಕೇಳಿದರು. ಅತ್ತೆ ಬೈದರು, ಲೇತಿನವರು ಬೈದರು, ಡಾಕ್ಟರು ಬಂದಾಗಲೆಲ್ಲ ಕುದುರೆಯ ಮೂಲಕ ಬೈದರು. ನಮ್ಮ ಮನೆಯಲ್ಲಿ ಹುರುಳಿ ಸಾರು ಥಟ್ಟನೆ ನಿಂತುಹೋಯಿತು. ಯಾಕೆ ಅಂತ ಅವರು ಕೇಳಲೂ ಇಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಡಾಕ್ಟರ ಹೆಂಡತಿ ಪದ್ಮಮ್ಮ ಫೋನ್ ಮಾಡಿದರು. ಡಾಕ್ಟರಿಗೆ ಎದೆಯ ಆಪರೇಷನ್ ಆಗಿದೆ, ದಿನಾ ನಡೆಯಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ, ಇವರು ಕುರ್ಚಿ ಬಿಟ್ಟು ಏಳುವುದಿಲ್ಲ. "ಕಾಫಿ ಬೇಕಾದ್ರೆ ಫಿಲ್ಟರಿಗೆ ಹೇಳ್ತಾರೆ ಕಣಮ್ಮ, ನಲವತ್ತು ವರ್ಷದಿಂದ ನನಗೆ ಅಭ್ಯಾಸ," ಅಂದರು ಆಯಮ್ಮ. "ನಾನು ಹೇಳಿದ್ರೆ ಕೇಳಲ್ಲ. ಕುದುರೆ ಬಂದ್ರೆ ಎದ್ದಾರು." ಅದೇ ವಾರ ಕೆಂಗೇರಿಯಲ್ಲಿ ಒಂದು ಮದುವೆ ಇತ್ತು. ಮುಗಿಸಿಕೊಂಡು, ಮೈಮೇಲಿನ ಜರಿಯನ್ನೂ ತೆಗೆಯದೆ, ಉಪನಗರದ ಅವರ ಮನೆ ಮುಂದೆ ಚೆಲುವಿಯನ್ನು ನಿಲ್ಲಿಸಿದೆವು.

ಡಾಕ್ಟರು ಗೇಟಿಗೆ ಬಂದರು. ಅರ್ಧ ಆಗಿದ್ದರು ಪಾಪ. ಚೆಲುವಿಯ ಹೊಟ್ಟೆಗೆ ಕಿವಿ ಇಟ್ಟು ಗುಡುಗುಡು ಕೇಳಿಸಿಕೊಂಡು, ಗೊರಸು ಎತ್ತಿಸಿ ನೋಡಿ, ತಲೆ ಆಡಿಸಿದರು. ಆಗ ನಾನು ಗಟ್ಟಿ ಮನಸ್ಸು ಮಾಡಿದೆ.

"ಚೆಲುವಿ, ನಿಮ್ಮ ಡಾಕ್ಟ್ರಿಗೆ ಹೇಳು. ಕೆಲಸ ಇಲ್ಲ ಅಂತ ನಿಂತಲ್ಲೇ ನಿಲ್ಲಬಾರ್ದು. ದಿನಾ ಒಂದು ಗಂಟೆ ನಡೀಬೇಕು."

ಪದ್ಮಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಡಾಕ್ಟರು ನಗಲಿಲ್ಲ. ಚಪ್ಪಲಿ ಹಾಕಿಕೊಂಡು, ನಮ್ಮ ಮನೆಯವರ ಕೈಯಿಂದ ಹಗ್ಗ ತಗೊಂಡು ಹೊರಟರು. ಪಾರ್ಕಿನ ಸುತ್ತ ನಿಧಾನವಾಗಿ ಅವರು, ಚೆಲುವಿ, ಈ ಪಕ್ಕ ನಾನು. ನಮ್ಮ ಮನೆಯವರು ಪದ್ಮಮ್ಮ ಕೊಟ್ಟ ಕಾಫಿಗೆ ಕೂತರು. ಅರ್ಧ ಸುತ್ತು ಆಗುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಚೆಲುವಿ, ಡಾಕ್ಟ್ರಿಗೆ ಹೇಳು, ಹೋದ ಆಷಾಢದಲ್ಲಿ ಹುರುಳಿ ಹಾಕಿದ್ದು ನಿಮ್ಮಪ್ಪ ಅಲ್ಲ, ನಾನು ಅಂದೆ. ಹೇಳುತ್ತಲೇ ಅತ್ತುಬಿಟ್ಟೆ.

ಡಾಕ್ಟರು ನಿಂತರು. ಚೆಲುವಿಯ ಕತ್ತಿನ ಮೇಲಿಂದ, ಆರು ವರ್ಷದಲ್ಲಿ ಮೊದಲ ಸಲ, ನನ್ನ ಮುಖ ನೋಡಿದರು.

"ನನಗೆ ಆಷಾಢದಲ್ಲೇ ಗೊತ್ತಿತ್ತು ಜಯಮ್ಮ. ತಿಂಗಳ ಮಧ್ಯೆ ಧನುರ್ವಾಯು ಸೂಜಿ ಹಾಕೋಕೆ ಬಂದಾಗ ನೋಡಿದೆ, ನೀವು ಕಾಫಿ ತಂದ್ರೆ ಇವಳು ನಿಮ್ಮ ಸೆರಗು ಮೂಸ್ತಾ ಇದ್ಳು. ಅವತ್ತೇ ನಿಮಗೆ ನೇರವಾಗಿ ಹೇಳಬೇಕಿತ್ತು. ಕುದುರೆಗೆ ಇನ್ನೊಂದು ಸಲ ಹೇಳಿ ಸುಮ್ಮನಾದೆ. ತಪ್ಪು ನನ್ನದೂ ಇದೆ." ಸ್ವಲ್ಪ ಹೊತ್ತು ಉಸಿರು ತಗೊಂಡರು. "ರಸ್ತೇಲಿ ನಿಮ್ಮ ಯಜಮಾನರಿಗೆ ಬೈದಿದ್ದೂ ನಿಮಗೆ ಕೇಳಿಸಲಿ ಅಂತಲೇ. ಪಾಪ ಅವರು. ಅವರಿಗೆ ಹೇಳಿಬಿಡಿ. ಬಾಯಿಬಿಟ್ಟು ಹೇಳಿ, ಕುದುರೆ ಹತ್ರ ಹೇಳಬೇಡಿ."

ನನ್ನ ಹೆಸರು ಅವರಿಗೆ ಗೊತ್ತಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಆಮೇಲೆ ಹಗ್ಗ ಜಗ್ಗಿ, ಇನ್ನರ್ಧ ಸುತ್ತು ಮುಗಿಸಿ, ಗೇಟು ಹಾಕಿಕೊಂಡರು. ಅದೇ ಕೊನೆ. ಆಷಾಢಕ್ಕೆ ಹದಿನೈದು ದಿನ ಇರುವಾಗ, ಡಾಕ್ಟರು ಹೋಗಿಬಿಟ್ಟರು ಅಂತ ಪದ್ಮಮ್ಮನ ಫೋನ್ ಬಂತು. ಆ ದಿನದಿಂದ ಕೊನೆಯ ತನಕ ಬೆಳಿಗ್ಗೆ ಒಂದು ಗಂಟೆ ನಡೆಯುತ್ತಿದ್ದರಂತೆ, ಚೆಲುವಿ ಹೇಳಿದಾಳೆ ಅನ್ನುತ್ತಿದ್ದರಂತೆ.

ಈ ಸಲ ಆಷಾಢ ಹುಟ್ಟಿದ ದಿನ ಲಾಯಕ್ಕೆ ಯಾರೂ ಬರಲಿಲ್ಲ. ನಮ್ಮ ಮನೆಯವರು ಒಬ್ಬರೇ ಕೂತು ಗೊರಸು ಕೆರೆಯುತ್ತಿದ್ದರು. ಎದುರು ಹೋಗಿ ನಿಂತೆ. ಹೋದ ವರ್ಷ ಹುರುಳಿ ಹಾಕಿದ್ದು ನಾನು ಕಣ್ರೀ, ನಿಮಗೆ ಸುಮ್ಮನೆ ಬೈಸಿದೆ, ತಪ್ಪಾಯ್ತು ಅಂದೆ. ಅವರು ಗೊರಸು ಕೆಳಗಿಟ್ಟರು. ತಿಂಗಳಿಡೀ ಉಂಡ ಹುರುಳಿ ಸಾರೆಲ್ಲ ಅವರ ಮುಖದ ಮೇಲೆ ಹಾದುಹೋಯಿತು. ಆಮೇಲೆ ನನ್ನ ಕಡೆ ನೋಡದೆ ಕುದುರೆಯ ಕಡೆ ತಿರುಗಿದರು.

"ಚೆಲುವಿ, ನಿಮ್ಮಮ್ಮಂಗೆ ಹೇಳು. ಈ ತಿಂಗಳು ಹುರುಳಿ ಸಾರು ಮಾಡಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ."

ಅಳುತ್ತಾ ನಕ್ಕೆ, ಅವರೂ ನಕ್ಕರು. ಚೆಲುವಿ ಕತ್ತು ಚಾಚಿ ನನ್ನ ಸೆರಗು ಮೂಸಿದಳು. ಬಿಚ್ಚಿ ಕೊಟ್ಟೆ. ಒಂದು ಹಿಡಿ ಇತ್ತು, ಅಷ್ಟೇ.