ಒಂಬತ್ತಕ್ಕೆ ಬಿಡುವ ಮಂಜು

ಕಾಯುವುದರಿಂದ ಮನುಷ್ಯ ಪಕ್ವನಾಗುತ್ತಾನೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಉಪ್ಪಿಟ್ಟಂತೂ ಆಗುವುದಿಲ್ಲ. ಈ ಬೆಳಿಗ್ಗೆ ಏಲಕ್ಕಿ ಡಬ್ಬಿಗಾಗಿ ಅಡುಗೆಮನೆಯ ಮೇಲಿನ ಹಲಗೆಗೆ ಕೈಹಾಕಿದಾಗ ಸಿಕ್ಕಿದ್ದು ಒಂದು ಕಾಗದದ ಲೋಟ. ಬಾಯಿಗೆ ಬೆಳ್ಳಿಬಣ್ಣದ ಹಾಳೆ ಅಂಟಿಸಿದೆ, ಒಳಗೆ ಒಣ ಉಪ್ಪಿಟ್ಟಿದೆ. 'ಬಿಸಿನೀರು ಹಾಕಿ ಮೂರು ನಿಮಿಷ ಕಾಯಿರಿ' ಎಂದು ಹೊಟ್ಟೆಯ ಮೇಲೆ ಬರೆದಿದೆ. ಅದು ಕಾಯಲು ಕೂತು ಒಂದು ವರ್ಷವಾಯಿತು. ಕೊಟ್ಟವರು ಒಂದು ವಿಮಾನ ಕಂಪನಿಯವರು.

ಕಿಟಕಿಯಾಚೆ ಮಂಜು. ಸ್ಕಂದಗಿರಿ ಬೆಟ್ಟ ಹಾಗಿರಲಿ, ಎದುರುಮನೆಯ ಗೇಟೂ ಕಾಣಿಸುತ್ತಿರಲಿಲ್ಲ. ಲೋಟ ಹಿಡಿದು ಅಲ್ಲೇ ನಿಂತೆ. ಒಂಟಿ ಮನೆಯಲ್ಲಿ ಹೀಗೆ ನಿಂತರೆ ಯಾಕೆ ನಿಂತೆ ಎಂದು ಕೇಳುವವರಿರುವುದಿಲ್ಲ. ಬ್ರಹ್ಮಚರ್ಯದ ಅನುಕೂಲಗಳಲ್ಲಿ ಇದೂ ಒಂದು ಎಂದು ವಯಸ್ಸಿನಲ್ಲಿದ್ದಾಗ ಎಣಿಸಿದ್ದೆ.

ಮಂಜಿನ ವಿಷಯದಲ್ಲಿ ನಾನು ಸಾಮಾನ್ಯನಲ್ಲ, ಇದನ್ನು ನೀವು ಮೊದಲೇ ತಿಳಿಯಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು. ಹರಾಜಿನ ಗಂಟೆ ನನ್ನ ಸುಪರ್ದಿಯಲ್ಲಿತ್ತು. ಚಳಿಗಾಲದಲ್ಲಿ ಮಂಡಿಕಲ್ಲು, ಮಂಚೇನಹಳ್ಳಿ ಕಡೆಯ ರೈತರ ಗಾಡಿಗಳು ಮಂಜಿನಲ್ಲಿ ತಡವಾಗುತ್ತಿದ್ದವು. ಅವರು ಬರುವ ತನಕ ಗಂಟೆ ಬಾರಿಸಬಾರದೆನ್ನುವುದು ನಮ್ಮಲ್ಲಿ ಬರೆಯದ ಕಾನೂನು. ಆದ್ದರಿಂದ ಮಂಜು ಎಷ್ಟಕ್ಕೆ ಬಿಡುತ್ತದೆ ಎಂಬುದು ರಾಜ್ಯದ ಪ್ರಶ್ನೆಯಷ್ಟೇ ಗಂಭೀರವಾಗಿತ್ತು. ನಾನು ಬಾಗಿಲಿಗೆ ಬಂದು, ಮೂಗನ್ನು ಮೇಲೆತ್ತಿ, "ಒಂಬತ್ತಕ್ಕೆ ಬಿಡುತ್ತೆ" ಎನ್ನುತ್ತಿದ್ದೆ. ಬಿಡುತ್ತಿತ್ತು. ಸರ್ಕಾರಿ ಸೇವೆಯಲ್ಲಿ ನಾನು ಸಂಪಾದಿಸಿದ ಕೀರ್ತಿ ಇದೊಂದೇ.

ಇದನ್ನು ನಂಬಿದವರಲ್ಲಿ ಮೊದಲನೆಯವನು ಬಾಬಾಜಾನ್. ಹರಾಜಿನಲ್ಲಿ ಗೂಡು ಕೊಂಡು, ಬೇಯಿಸಿ ನೂಲು ತೆಗೆಯುವ ರೀಲರ್. ಜನರೆದುರು ನನ್ನನ್ನು ಸಾಹೇಬ್ರೇ ಎನ್ನುತ್ತಿದ್ದ, ಇಬ್ಬರೇ ಇದ್ದಾಗ 'ಏನಲೇ' ಎನ್ನುತ್ತಿದ್ದ.

"ಸಾಹೇಬ್ರೇ, ಇವತ್ತು ಎಷ್ಟಕ್ಕೆ ಬಿಡ್ತದೆ ನಿಮ್ಮ ಮಂಜು?"

"ಒಂಬತ್ತಕ್ಕೆ."

"ಬರ್ಕೊಡ್ತೀರಾ?"

"ಸೀಲು ಹಾಕಿ ಕೊಡ್ತೀನಿ ತಗೊಳ್ಳಯ್ಯ."

ಮಂಜಿನ ದಿನ ಅವನು ಇನ್ನೊಂದು ಕೆಲಸ ಮಾಡುತ್ತಿದ್ದ. ಮುಂಚೆ ಬಂದು ಚಳಿಯಲ್ಲಿ ಕಾಯುತ್ತಿದ್ದ ರೈತರ ಮಧ್ಯೆ ಟೀ ಕೆಟಲು ಹಿಡಿದು ಓಡಾಡುವುದು. ಒಬ್ಬೊಬ್ಬರ ಪಕ್ಕವೂ ಕುಕ್ಕರಗಾಲಲ್ಲಿ ಕೂರುತ್ತಿದ್ದ. "ಕೂಚೋ ರೆಡ್ಡಣ್ಣ, ಟೀ ತಾಗು. ನಿನ್ನ ಗೂಡೂ ಓಡೋಗಲ್ಲ, ನಾನೂ ಓಡೋಗಲ್ಲ" ಎಂದು ಅರ್ಧ ತೆಲುಗಲ್ಲಿ ಕೂರಿಸಿ, ಟೀ ಕುಡಿಸಿ, ಅರ್ಧ ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದ. ರೈತ ಬೈದರೆ ಬೈಸಿಕೊಳ್ಳುತ್ತಿದ್ದ. ಕಾಯುವವನಿಗೆ ಬೈಯಲು ಒಂದು ಮುಖ ಬೇಕು ಕಣೋ ಎಂದು ನನಗೆ ಆಮೇಲೆ ವಿವರಿಸುತ್ತಿದ್ದ.

ಮಂಡಿನೋವು ಹೆಚ್ಚಾಗಿ ರೀಲಿಂಗ್ ನಿಲ್ಲಿಸಿದ ಮೇಲೆ ಮಗಳು ಪರ್ವೀನ್ ಅವನನ್ನು ಕಾಶಿಗೆ ಕರೆದುಕೊಂಡು ಹೋದಳು. ಅಳಿಯನದು ಅಲ್ಲಿ ಸೀರೆ ನೇಯುವ ಮನೆತನ. ಬಾಬಾಜಾನ್ ದಿನಾ ಬೆಳಿಗ್ಗೆ ಏಳಕ್ಕೆ ಫೋನು ಮಾಡುತ್ತಿದ್ದ. ಜನ್ಮ ಕಳೆದ ಊರಿನ ಬಗ್ಗೆ ಅವನ ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ಏನಲೇ, ಮಂಜು ಬಿಡ್ತಾ?"

ಬೇಸಿಗೆಯಲ್ಲೂ ಅದನ್ನೇ ಕೇಳುತ್ತಿದ್ದ. ನಾನೂ ಒಂಬತ್ತಕ್ಕೆ ಎಂದೇ ಹೇಳುತ್ತಿದ್ದೆ. ದಿನಕ್ಕೆ ನಾಲ್ಕು ನಿಮಿಷ. ಇಡೀ ದಿನದಲ್ಲಿ ನಾನು ಆಡುತ್ತಿದ್ದ ಮಾತಿನ ದೊಡ್ಡ ಭಾಗ ಅದು ಎಂದು ಆಗ ಗೊತ್ತಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ, "ನನ್ನ ಮಣ್ಣಿಗೆ ಬಂದ್ಬಿಡು. ಮೂರು ಹಿಡಿ ಹಾಕಿ ಹೋಗು, ಸಾಕು" ಎಂದ.

"ಮಂಜಿದ್ರೆ?"

"ಒಂಬತ್ತಕ್ಕೆ ಬಿಡುತ್ತಲ್ಲೋ. ಆಮೇಲೆ ಬಾ."

ಕಳೆದ ಜನವರಿಯ ಒಂದು ಸಂಜೆ ಪರ್ವೀನಳ ಫೋನು ಬಂತು. "ಚಾಚಾ, ಅಬ್ಬಾ ಹೋಗ್ಬಿಟ್ರು. ನೀವು ಬರ್ತೀರಾ ಅಂತ ನಾಳೆ ಅಸರ್ ನಮಾಜಿನ ತನಕ, ನಾಲ್ಕರವರೆಗೆ ಇಡ್ತಾರೆ. ಅದಕ್ಕಿಂತ ಆಗಲ್ಲ ಚಾಚಾ." ಮಾರನೆಯ ಬೆಳಿಗ್ಗೆ ಏಳಕ್ಕೆ ಕಾಶಿಗೆ ನೇರ ವಿಮಾನವಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಅಲ್ಲಿರಬಹುದು. ಟಿಕೆಟ್ಟಾಯಿತು.

ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪಿದಾಗ ವಿಮಾನಗಳು ಕಾಣಿಸುತ್ತಿರಲಿಲ್ಲ. ನಮ್ಮ ಮಂಜೇ, ನಂದಿಯ ಕಡೆಯಿಂದ ಇಳಿದು ಬಂದು ನನ್ನ ಗುರುತು ಹಿಡಿದಂತೆ ಗಾಜಿಗೆ ಅಂಟಿಕೊಂಡಿತ್ತು. ಬೋರ್ಡಿನಲ್ಲಿ ಏಳು ಇದ್ದದ್ದು ಎಂಟಾಯಿತು, ಎಂಟೂವರೆಯಾಯಿತು. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಒಂದು ಹೆಣ್ಣುದನಿ ಮೂರು ಭಾಷೆಯಲ್ಲಿ ಹೇಳುತ್ತಿತ್ತು. ಆ ದನಿಗೆ ಮುಖವಿರಲಿಲ್ಲ. ಬೈಯಬೇಕೆಂದು ಎದ್ದವರು ಸ್ಪೀಕರನ್ನು ನೋಡಿ ಕೂತರು. ಆಮೇಲೆ ಉಪ್ಪಿಟ್ಟಿನ ಲೋಟಗಳನ್ನು ಹಂಚಿದರು. ಬಿಸಿನೀರು ಕೇಳಿದರೆ "ಬರ್ತಾ ಇದೆ ಸರ್" ಎಂದರು. ಬಿಸಿನೀರಿಗೂ ಮಂಜು ಅಡ್ಡವಾಗಿರಬೇಕೆಂದು ನಾವು ಗೌರವದಿಂದ ಸುಮ್ಮನಾದೆವು.

ಪಕ್ಕದವರಿಗೆ ನಾನು ಉಪನ್ಯಾಸ ಶುರುಮಾಡಿದ್ದೆ. "ಗಾಬರಿಯಾಗಬೇಡಿ. ಈ ಮಂಜು ನನಗೆ ಗೊತ್ತು. ಒಂಬತ್ತಕ್ಕೆ ಬಿಡುತ್ತೆ." ಕೌಂಟರಿನಲ್ಲಿದ್ದ ಹುಡುಗಿ ಇದನ್ನು ಕೇಳಿ ತಲೆಯೆತ್ತಿದಳು. ಎದ್ದು ಹತ್ತಿರ ಹೋಗಿ ಯಾವೂರಮ್ಮ ಎಂದೆ. "ಚಿಂತಾಮಣಿ ಹತ್ರ ತಾತ" ಎಂದಳು. ಅಲ್ಲಿಯವರೆಗೆ ಸರ್ ಆಗಿದ್ದೆ. ಯಾಕೆ ಹೋಗುತ್ತಿದ್ದೇನೆ ಎಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಕಂಪ್ಯೂಟರು ನೋಡಿದಳು.

"ತಾತ, ಒಂದು ಮಾತು ಹೇಳ್ತೀನಿ, ಕೇಳಿ. ಇಲ್ಲಿ ಮಂಜು ಹೋದ್ರೂ ಕಾಶೀಲಿ ಹೋಗಿಲ್ಲ. ಅಲ್ಲಿ ಇಳಿಯಕ್ಕೆ ಬಿಡ್ತಿಲ್ಲ. ನಮ್ದೇ ಇನ್ನೊಂದು ಫ್ಲೈಟು ಪ್ರಯಾಗಕ್ಕೆ ಹೋಗ್ತಿದೆ, ಅಲ್ಲಿ ಬಿಸಿಲಿದೆಯಂತೆ. ಒಂದು ಸೀಟಿದೆ. ಅಲ್ಲಿಂದ ಕಾರಲ್ಲಿ ಮೂರು ಗಂಟೆ. ಹಾಕ್ಕೊಡ್ಲಾ?"

ನಾನು ನಕ್ಕೆ. ಆ ನಗು ಈಗಲೂ ನನಗೆ ಕೇಳಿಸುತ್ತದೆ.

"ನೀನು ಇನ್ನೂ ಚಿಕ್ಕವಳಮ್ಮ. ಮಂಜು ಅಂದ್ರೆ ಎಲ್ಲಾದ್ರೂ ಮಂಜೇ ತಾನೆ? ಬಿಸಿಲು ಬಂದ್ಮೇಲೆ ಎಲ್ಲಿರುತ್ತೆ? ಅಲ್ಲೂ ಒಂಬತ್ತಕ್ಕೆ ಬಿಡುತ್ತೆ. ನೇರ ವಿಮಾನ ಬಿಟ್ಟು ಯಾರಾದ್ರೂ ಸುತ್ಕೊಂಡು ಹೋಗ್ತಾರಾ?"

"ಉತ್ತರದ ಕಡೆ ಮಂಜು ಹಂಗಲ್ಲ ತಾತ..."

"ಇಪ್ಪತ್ತಾರು ವರ್ಷ ನೋಡಿದೀನಮ್ಮ."

ಅವಳು ಇನ್ನೊಂದು ಸಲ ಕೇಳಿದಳು. ನಾನು ಇನ್ನೊಂದು ಸಲ ಬೇಡವೆಂದೆ. ಸೀಟು ಬೇರೆ ಯಾರಿಗೋ ಹೋಯಿತು.

ಒಂಬತ್ತಕ್ಕೆ ನಾಲ್ಕು ನಿಮಿಷವಿರುವಾಗ ಗಾಜಿನಾಚೆ ಒಂದು ವಿಮಾನದ ಬಾಲ ಕಂಡಿತು, ಆಮೇಲೆ ರೆಕ್ಕೆ, ಆಮೇಲೆ ಬಿಸಿಲು. ಪಕ್ಕದವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನನ್ನ ಜೀವನದ ಅತ್ಯಂತ ಕರಾರುವಾಕ್ಕಾದ ಭವಿಷ್ಯ ಅದು. ಒಂಬತ್ತೂವರೆಗೆ ಪ್ರಯಾಗದ ವಿಮಾನ ಹಾರಿತು. ನಮ್ಮ ಬೋರ್ಡಿನಲ್ಲಿ ಹತ್ತೂವರೆ ಬಂತು, ಹನ್ನೊಂದೂವರೆ ಬಂತು. ಝಗಝಗಿಸುವ ಬಿಸಿಲಿನಲ್ಲಿ ನಮ್ಮ ವಿಮಾನ ಕಟ್ಟಿಹಾಕಿದ ಎಮ್ಮೆಯಂತೆ ನಿಂತಿತ್ತು. ಸಾವಿರದೈನೂರು ಕಿಲೋಮೀಟರಾಚೆಗಿನ ಮಂಜಿಗೆ ನನ್ನ ಪರಿಚಯವಿರಲಿಲ್ಲ. ಹುಡುಗಿಯ ಪಾಳಿ ಮುಗಿದಿರಬೇಕು, ಅವಳ ಜಾಗದಲ್ಲಿ ಬೇರೊಬ್ಬ ಕೂತ. ಅವನು ನನ್ನನ್ನು ಮತ್ತೆ ಸರ್ ಎಂದ. ವಿಷಾದದ ದನಿ ಮಾತ್ರ ಪಾಳಿ ಬದಲಿಸಲಿಲ್ಲ.

ಹನ್ನೆರಡೂವರೆಗೆ ಪರ್ವೀನಳ ಫೋನು.

"ಚಾಚಾ, ಎಲ್ಲಿದೀರಾ?"

"ದೇವನಹಳ್ಳೀಲಮ್ಮ."

"ಇನ್ನೂನಾ?" ಎಂದಳು. ಹಿಂದೆ ಜನರ ಸದ್ದಿತ್ತು. "ನಾನು ಹೇಳಿ ನೋಡ್ತೀನಿ ಚಾಚಾ. ಆದ್ರೆ ಇಲ್ಲಿ ಹಿರಿಯರು ಕೇಳಲ್ಲ."

ಕೇಳಬಾರದು ಕೂಡ. ಅವನು ಜೀವಮಾನವಿಡೀ ಬೇರೆಯವರಿಗಾಗಿ ಕಾದವನು, ಸತ್ತ ಮೇಲೂ ಕಾಯಬೇಕೆ?

ವಿಮಾನ ಒಂದೂವರೆಗೆ ಹೊರಟಿತು. ಮಣ್ಣು ನಾಲ್ಕೂವರೆಯೊಳಗೆ ಮುಗಿಯಿತು. ನಾನು ಕಬರಸ್ಥಾನ ತಲುಪಿದಾಗ ಐದೂ ಹತ್ತು. ಹಸಿ ಮಣ್ಣಿನ ದಿಬ್ಬದ ಪಕ್ಕ ಅಳಿಯನೊಬ್ಬನೇ ನನಗಾಗಿ ನಿಂತಿದ್ದ. ತಡವಾಗಿ ಬಂದ ನನ್ನನ್ನು ನೋಡಿ ಅವನೇ ಮುಜುಗರಪಟ್ಟುಕೊಂಡು, ಈಗಲೂ ಹಾಕಬಹುದು ಎಂದು ಹಿಂದಿಯಲ್ಲಿ ಹೇಳಿದ. ಮೂರು ಹಿಡಿ ಹಾಕಿದೆ. ಮುಚ್ಚಿದ ಮೇಲೆ ಹಾಕಿದ ಮಣ್ಣು ಮಣ್ಣಿನ ಮೇಲೆಯೇ ಬೀಳುತ್ತದೆ. ಸುತ್ತ ಆ ಊರಿನ ಮಂಜು ಮತ್ತೆ ಇಳಿಯುತ್ತಿತ್ತು. ಹೊಗೆಬಣ್ಣದ್ದು, ನಮ್ಮದರ ಹಾಗೆ ಬಿಳಿಯದಲ್ಲ.

ಊರಿಗೆ ಬಂದು ವಿಮಾನ ಕಂಪನಿಗೆ ಖಾರವಾದ ದೂರು ಬರೆಯಲು ಕೂತೆ. ಬಿಸಿನೀರಿಲ್ಲದ ಉಪ್ಪಿಟ್ಟಿನ ಬಗ್ಗೆ ಒಂದು ಪುಟ ಬಂತು, ಮುಖವಿಲ್ಲದ ವಿಷಾದದ ಬಗ್ಗೆ ಇನ್ನೊಂದು. ಸಮಯಕ್ಕೆ ಸರಿಯಾಗಿ ನಿಮ್ಮವರು ಯಾರೂ ನನಗೆ ಏನೂ ಹೇಳಲಿಲ್ಲ ಎಂದು ಬರೆಯಬೇಕಾದ ಜಾಗದಲ್ಲಿ ಪೆನ್ನು ನಿಂತಿತು. ಒಬ್ಬಳು ಹೇಳಿದ್ದಳು, ಅದೂ ಎರಡು ಸಲ. ಹಾಳೆ ಹರಿದು, ಚೀಲದಲ್ಲೇ ಉಳಿದಿದ್ದ ಲೋಟವನ್ನು ಹಲಗೆಯ ಮೇಲಿಟ್ಟೆ.

ಇವತ್ತು ಏಳಕ್ಕೆ ಫೋನು ಬರಲಿಲ್ಲ. ಒಂದು ವರ್ಷದಿಂದ ಬರುತ್ತಿಲ್ಲ, ಆದರೂ ಏಳಕ್ಕೆ ನಾನು ಅದರ ಹತ್ತಿರವೇ ಇರುತ್ತೇನೆ. ಸ್ವಲ್ಪ ಹೊತ್ತಿಗೆ ಎದುರುಮನೆಯ ವೆಂಕಟಲಕ್ಷ್ಮಮ್ಮನ ದನಿ ಮಂಜಿನೊಳಗಿಂದ ಬಂತು.

"ಸಾರ್, ಎಷ್ಟೊತ್ತಿಗೆ ಬಿಡ್ತದೆ ಇದು? ಸಂಡಿಗೆ ಹಾಕ್ಬೇಕಿತ್ತು."

"ಗೊತ್ತಿಲ್ಲಮ್ಮ."

"ಅಯ್ಯೋ, ನಿಮಗೇ ಗೊತ್ತಿಲ್ವಾ?"

"ಇಲ್ಲಮ್ಮ" ಎಂದೆ. ಒಳಗೆ ಬಂದು ನೀರು ಕಾಯಿಸಿದೆ, ಬೆಳ್ಳಿ ಹಾಳೆ ಕಿತ್ತು ಲೋಟಕ್ಕೆ ಸುರಿದೆ, ಹೇಳಿದಂತೆ ಮೂರು ನಿಮಿಷ ಕಾದೆ. ಉಪ್ಪಿಟ್ಟು ತಿನ್ನುವ ಹಾಗಿರಲಿಲ್ಲ. ಮಂಜು ಒಂಬತ್ತಕ್ಕೆ ಬಿಟ್ಟಿತು.