ಗೌರತ್ತೆಯ ಮಗ

ಬಸ್ಸಿನ ಮಾತು ಹಾಗಿರಲಿ, ಊರೊಳಗೆ ಒಂದು ಸೈಕಲ್ಲು ಬಂದರೂ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬಂದು ನೋಡುತ್ತಿದ್ದ ಕಾಲ ಅದು. ಭದ್ರಾ ನಾಲೆಯ ನೀರು ಇನ್ನೂ ನಮ್ಮ ಹೊಲಗಳ ಕಡೆ ಮುಖ ಮಾಡಿರಲಿಲ್ಲ. ಲೋಕಿಕೆರೆಯ ಮಕ್ಕಳಾದ ನಮಗೆ ನೀರೆಂದರೆ ಕೆರೆ, ಪ್ಯಾಟೆಯೆಂದರೆ ದಾವಣಗೆರೆ. ಹರಿಹರ ಎನ್ನುವುದು ಭೂಮಿ ಮುಗಿಯುವ ಕಡೆ ಎಲ್ಲೋ ಇತ್ತು. ಅಂಥ ಹರಿಹರಕ್ಕೆ ನಮ್ಮ ಮನೆಯವರು, ನೆಂಟರು, ನೆರೆಯವರು ಸೇರಿ ಕಮಾನು ಬಂಡಿಗಳ ಸಾಲನ್ನೇ ಕಟ್ಟಿಕೊಂಡು ಹೊರಟರು. ನನಗಾಗ ಒಂಬತ್ತು ವರ್ಷ. ಸುಗ್ಗಿ ಮುಗಿದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ.

ಹೊರಟಿದ್ದು ನನ್ನ ಮೂರು ವರ್ಷದ ತಮ್ಮ ತಿಪ್ಪನ ಜವಳಕ್ಕೆ. ಹುಟ್ಟಿದಾಗಿನಿಂದ ಕತ್ತರಿ ಕಾಣದ ಅವನ ಕೂದಲನ್ನು ತೆಗೆಸಿ ತುಂಗಭದ್ರೆಗೆ ಒಪ್ಪಿಸಬೇಕಿತ್ತು. ಇದರ ಹಿಂದೊಂದು ಕಥೆಯಿದೆ. ನನ್ನ ನಂತರ ಅವ್ವನಿಗೆ ಹುಟ್ಟಿದ ಎರಡು ಗಂಡುಮಕ್ಕಳು ತೊಟ್ಟಿಲಲ್ಲೇ ಹೋಗಿದ್ದವು. ಹಾಗಾಗಿ ಇವನು ಹುಟ್ಟಿದ ಕೂಡಲೇ ಅಜ್ಜಿ ಅವನನ್ನು ತಿಪ್ಪೆಯ ಮೇಲೆ ಉರುಳಿಸಿ, ತಿಪ್ಪ ಎಂದು ಹೆಸರಿಟ್ಟು, ಮೊರದಲ್ಲಿ ಮಲಗಿಸಿ, ಪಕ್ಕದ ಮನೆಯ ಗೌರತ್ತೆಗೆ ಒಂದು ಹಿಡಿ ತೌಡಿಗೆ ಮಾರಿಬಿಟ್ಟಿದ್ದಳು. ಗೌರತ್ತೆ ಹೆತ್ತ ಮಕ್ಕಳೆಲ್ಲ ಗಟ್ಟಿಮುಟ್ಟಾಗಿ ಬೆಳೆದು ನಿಂತಿದ್ದರು. ಜವರಾಯ ಹುಡುಕಿಕೊಂಡು ಬಂದರೂ, ಇದು ಆ ಮನೆಯ ಕೂಸಲ್ಲ, ಗೌರಮ್ಮನ ಕೂಸು ಎಂದು ಮೋಸ ಹೋಗಿ ಹಿಂದಿರುಗಬೇಕು. ಇದನ್ನು ಕೇಳಿ ಈಗಿನವರಿಗೆ ನಗು ಬರಬಹುದು. ನಗಲಿ, ಎರಡು ಕೂಸುಗಳನ್ನು ಮಣ್ಣಿಗಿಟ್ಟ ಮನೆಯಲ್ಲಿ ಆಗ ಯಾರಿಗೂ ನಗು ಬಂದಿರಲಿಲ್ಲ.

ಹಾಲು ಕುಡಿಸಿದ್ದು, ಮೈ ತೊಳೆದಿದ್ದು, ಮಗ್ಗುಲಲ್ಲಿ ಮಲಗಿಸಿಕೊಂಡದ್ದು ಎಲ್ಲ ಅವ್ವನೇ. ಆದರೆ ಜವಳ ಮುಗಿದು ಅವನನ್ನು ವಾಪಸು ಕೊಳ್ಳುವವರೆಗೆ ಅವಳು ಅವನನ್ನು ಮಗ ಎನ್ನುವಂತಿರಲಿಲ್ಲ. ಬಾಯಿ ತಪ್ಪಿ ಅಂದರೆ ಇಷ್ಟು ವರ್ಷ ಕಾಯ್ದದ್ದೆಲ್ಲ ನೀರಲ್ಲಿ ಹೋಮ. "ಗೌರಕ್ಕನ ಮಗ ಉಂಡನೇನು ನೋಡು" ಎಂದು ಅವ್ವ ಹೇಳುವಾಗ ಅವಳ ದನಿಯಲ್ಲಿ ಏನೂ ಇರುತ್ತಿರಲಿಲ್ಲ. ಆ ಏನೂ ಇಲ್ಲದ ದನಿ ಎಷ್ಟು ಕಷ್ಟದ್ದು ಎಂಬುದು ನಾನೇ ತಾಯಿಯಾದಾಗ ತಿಳಿಯಿತು.

ಹೊರಡುವ ಹೊತ್ತಿಗೆ ಅಜ್ಜಿ ಇನ್ನೂ ಒಂದು ಕಟ್ಟಳೆ ಹಾಕಿದಳು. ತಿಪ್ಪ ಗೌರತ್ತೆಯ ಜೊತೆ ಮುಂದಿನ ಬಂಡಿಯಲ್ಲಿ, ಅವ್ವ ಕೊನೆಯ ಬಂಡಿಯಲ್ಲಿ.

"ಇಷ್ಟು ವರ್ಷ ಬಾಯಿ ಕಟ್ಟೀದಿ. ಇದೊಂದು ದಾರಿ ಮುಗಿಯೋತನಕ ಕಟ್ಟು" ಅಂದಳು ಅಜ್ಜಿ.

"ಆತು ಬಿಡ್ರಿ ಅತ್ತಿ" ಅಂದಳು ಅವ್ವ.

ಆ ದಾರಿಯ ಸುಖವನ್ನು ಹೇಗೆ ಹೇಳಲಿ! ಬಂಡಿಯೊಳಗೆ ಮೆತ್ತನೆ ಹುಲ್ಲು, ಅದರ ಮೇಲೆ ಕೌದಿ, ಕೌದಿಯ ಮೇಲೆ ಒಬ್ಬರ ಮೇಲೊಬ್ಬರು ಬಿದ್ದ ಮಕ್ಕಳು. ಹುಲ್ಲಿನ ವಾಸನೆ, ಕೀಲೆಣ್ಣೆಯ ವಾಸನೆ, ಬುತ್ತಿಗಂಟಿನಿಂದ ಬರುವ ಶೇಂಗಾ ಚಟ್ನಿಯ ವಾಸನೆ. ಯಾವ ಕೂಸು ಯಾರ ತೊಡೆಯ ಮೇಲೆ ಮಲಗಿದೆ ಎಂದು ಯಾರೂ ನೋಡುತ್ತಿರಲಿಲ್ಲ. ಅಳುವ ಕೂಸು ಒಂದು ಬಂಡಿಯಿಂದ ಇನ್ನೊಂದು ಬಂಡಿಗೆ ಕೈಯಿಂದ ಕೈಗೆ ದಾಟಿ, ಸುಮ್ಮನಾದ ಕಡೆ ಉಳಿಯುತ್ತಿತ್ತು. ನನಗೆ ಮಾತ್ರ ಕೂರಲು ಬಿಡುವಿರಲಿಲ್ಲ. ಎತ್ತುಗಳ ನಡಿಗೆ ನಿಧಾನ, ನನ್ನ ಕಾಲು ಚುರುಕು. ಅವ್ವ ನನ್ನನ್ನು ಕೊನೆಯ ಬಂಡಿಯಿಂದ ಮುಂದಿನ ಬಂಡಿಗೆ ಓಡಿಸುತ್ತಲೇ ಇದ್ದಳು.

"ಗೌರಕ್ಕನ ಮಗಗ ಬಿಸಿಲು ಬೀಳ್ತೈತೇನು, ನೋಡಿ ಬಾ."

ಗೌರತ್ತೆ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ನಗುತ್ತಿದ್ದಳು. "ನಿಮ್ಮವ್ವಗ ಹೇಳು, ನನ್ನ ಮಗ ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕ ಕೈ ಹಾಕ್ಯಾನ ಅಂತ. ಹಿಂಗ ತಿಂದರ ನಾನೇ ಮಾರಿ ಬಿಡ್ತೀನಿ."

ದಾವಣಗೆರೆಯಲ್ಲಿ ಬಂಡಿ ನಿಲ್ಲಿಸಿ ಎತ್ತುಗಳಿಗೆ ನೀರು ಕುಡಿಸಿದರು. ನಮಗೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ. ಹತ್ತಿ ಗಿರಣಿಯ ಚಿಮಣಿಯನ್ನು ನಾನು ಮೊದಲು ನೋಡಿದ್ದು ಅಂದೇ. ಅದರ ತುದಿ ನೋಡಲು ಕತ್ತೆತ್ತಿ, ಇನ್ನೂ ಎತ್ತಿ, ಹಿಂದಕ್ಕೆ ವಾಲಿ ಬಿದ್ದೇ ಬಿಟ್ಟೆ. ಇಷ್ಟುದ್ದದ್ದನ್ನು ಮನುಷ್ಯರೇ ಕಟ್ಟಿದ್ದಾರೆ ಎಂದರೆ ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ಗಿರಣಿ ಕೂಗಿತು ನೋಡಿ, ಮಕ್ಕಳೆಲ್ಲ ಕೈಯಲ್ಲಿದ್ದ ಮಂಡಕ್ಕಿ ಚೆಲ್ಲಿ ಸಿಕ್ಕ ಸಿಕ್ಕವರ ಸೆರಗಿನೊಳಗೆ ಹೊಕ್ಕರು.

ಹರಿಹರದ ರಸ್ತೆಗೆ ಬಿದ್ದ ಮೇಲೆ ಆ ಅನಾಹುತ ಆಯಿತು. ಎದುರಿನಿಂದ ಹತ್ತಿ ಅಂಡಿಗೆ ಹೇರಿದ ಲಾರಿಯೊಂದು ಬೊಬ್ಬೆ ಹೊಡೆಯುತ್ತ ಬಂತು. ಅಂಥ ಸದ್ದು ಕೇಳಿ ಗೊತ್ತಿಲ್ಲದ ಮುಂದಿನ ಬಂಡಿಯ ಎತ್ತುಗಳು ಬೆದರಿ, ರಸ್ತೆ ಬಿಟ್ಟು ಇಳಿಜಾರಿನಲ್ಲಿ ಹೊಲದ ಕಡೆ ನುಗ್ಗಿದವು. ಒಂದು ಗಾಲಿ ಗುಂಡಿಗೆ ಇಳಿದು ಬಂಡಿ ವಾಲಿತು, ಕಮಾನು ನೆಲಕ್ಕೆ ಒರಗಿತು. ಧೂಳಿನಲ್ಲಿ ಏನೂ ಕಾಣಲಿಲ್ಲ.

ಕೊನೆಯ ಬಂಡಿಯಿಂದ ಅವ್ವ ಹಾರಿದಳು. ಸೆರಗು ಎಲ್ಲಿ, ಕೂದಲು ಎಲ್ಲಿ, ಅವಳಿಗೆ ಗೊತ್ತಿರಲಿಲ್ಲ.

"ನನ್ನ ಮಗ! ಅಯ್ಯೋ, ನನ್ನ ಮಗ!"

ಧೂಳು ಇಳಿದಾಗ ಗೌರತ್ತೆ ಹುಲ್ಲಿನ ರಾಶಿಯೊಳಗಿಂದ ಎದ್ದು ನಿಂತಿದ್ದಳು. ಅವಳ ಕಂಕುಳಲ್ಲಿ ತಿಪ್ಪ. ಒಂದು ತರಚು ಗಾಯವೂ ಇಲ್ಲದೆ, ಇನ್ನೊಮ್ಮೆ ಹಾಗೇ ಬೀಳೋಣ ಎನ್ನುವಂತೆ ನಗುತ್ತಿದ್ದ. ಆಗ ಅವ್ವನಿಗೆ ತಾನು ಕೂಗಿದ್ದು ಏನೆಂದು ತಿಳಿಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದಳು. ಅಜ್ಜಿಯ ಮುಖ ನೋಡಿ ನಾನು ಬಂಡಿಯ ಗಾಲಿಯ ಹಿಂದೆ ಸರಿದೆ. ಹೊಳೆ ಇನ್ನೇನು ಬಂತು ಎನ್ನುವಾಗ, ಅಷ್ಟು ವರ್ಷ ನುಂಗಿಕೊಂಡಿದ್ದ ಮಾತು ಹೊರಗೆ ಬಿದ್ದಿತ್ತು. ಗಂಡಸರು ಎತ್ತಿನ ಹಗ್ಗ ಹಿಡಿದು ನಿಂತಿದ್ದರು.

ಇದ್ದಕ್ಕಿದ್ದಂತೆ ಗೌರತ್ತೆ ಬಾಯಿ ತೆರೆದಳು. ಮಗು ತನ್ನ ಕಂಕುಳಲ್ಲೇ ಸುಖವಾಗಿದ್ದರೂ ಎದೆ ಬಡಿದುಕೊಂಡು ಕೂಗಿದಳು.

"ನನ್ನ ಮಗ! ಅಯ್ಯೋ, ನನ್ನ ಮಗ!"

ಅವಳಿಗೇನಾದರೂ ತಲೆಗೆ ಪೆಟ್ಟು ಬಿತ್ತೋ ಎಂದುಕೊಂಡೆ. ಅಷ್ಟರಲ್ಲಿ ದೊಡ್ಡವ್ವ ಎದ್ದು "ನನ್ನ ಮಗ!" ಅಂದಳು. ದೊಡ್ಡವ್ವನಿಗಿದ್ದವರೆಲ್ಲ ಹೆಣ್ಣುಮಕ್ಕಳು. ಚಿಗವ್ವ ಕೂಗಿದಳು, ಅತ್ತೆಯರು ಕೂಗಿದರು. ಆಗಷ್ಟೇ ಮದುವೆಯಾಗಿ ಬಂದಿದ್ದ ಸೋದರಮಾವನ ಹೆಂಡತಿ, ಗಂಡನ ಎದುರು ತಲೆ ಎತ್ತದವಳು, ಅವಳೂ ಕೆಂಪಾಗಿ "ನನ್ನ ಮಗ" ಅಂದಳು. ಹೊಲದಲ್ಲಿ ಹತ್ತಿಕಟ್ಟಿಗೆ ಕೀಳುತ್ತಿದ್ದ ಹೆಂಗಸರು ಗಾಬರಿಯಿಂದ ಓಡಿ ಬಂದರು.

"ಏನಾತ್ರೀ ಯವ್ವಾ? ಯಾರ ಮಗ್ರೀ?"

ದೊಡ್ಡವ್ವ ಅವರ ಕಿವಿಯಲ್ಲಿ ಏನೋ ಹೇಳಿದಳು. ಗುರುತು ಪರಿಚಯವಿಲ್ಲದ ಆ ಹೆಂಗಸರು ಒಂದು ಗಳಿಗೆ ಅವ್ವನನ್ನು ನೋಡಿದರು. ಆಮೇಲೆ ಅವರೂ ಕೂಗಿದರು. ಆ ಬಯಲಿನ ತುಂಬ "ನನ್ನ ಮಗ, ನನ್ನ ಮಗ" ಎಂಬ ಕೂಗು. ನಾನೂ ತಡೆಯಲಾರದೆ "ನನ್ನ ಮಗ" ಎಂದು ಕಿರುಚಿದೆ. ಎಲ್ಲರ ಕೊನೆಗೆ ಅಜ್ಜಿ ಕೂಗಿದಳು. ಕೂಗಿ, ಮೇಲೆ ನೋಡಿ, ಪಕ್ಕದ ಮನೆಯವರೊಡನೆ ಜಗಳಕ್ಕೆ ನಿಂತವಳ ಹಾಗೆ ಸೊಂಟಕ್ಕೆ ಕೈ ಇಟ್ಟಳು.

"ಈಗ ಹುಡುಕಲಿ ಆ ಜವರಾಯ, ಯಾರ ಮಗ ಅಂತ!"

ಅವ್ವ ಅತ್ತಿದ್ದನ್ನು ನಾನು ನೋಡಿದ್ದು ಆಗಲೇ.

ಸಂಜೆಗೆ ಮುಂಚೆ ಹೊಳೆ ಕಂಡಿತು. ಎಡಕ್ಕೆ ನೋಡಿದರೂ ನೀರು, ಬಲಕ್ಕೆ ನೋಡಿದರೂ ನೀರು, ಎಲ್ಲವೂ ಯಾವುದೋ ಕೆಲಸವಿದ್ದಂತೆ ಒಂದೇ ಕಡೆ ಹೋಗುತ್ತಿತ್ತು. "ಮಾವ, ಇದರ ಏರಿ ಎಲ್ಲೈತಿ?" ಎಂದು ಸೋದರಮಾವನನ್ನು ಕೇಳಿದೆ. ಕೆರೆಗೆ ಏರಿ ಇರಲೇಬೇಕಲ್ಲ! "ಇದಕ್ಕ ಏರಿ ಇಲ್ಲವ್ವ, ಇದು ಕೆರೆಯಲ್ಲ" ಅಂದ ಮಾವ. ತಡೆಯುವವರಿಲ್ಲದ ನೀರೂ ಒಂದಿದೆ ಎಂಬುದು ನನ್ನ ತಲೆಗೆ ಹೋಗಲು ಬಹಳ ಹೊತ್ತು ಹಿಡಿಯಿತು.

ಮರುದಿನ ಬೆಳಿಗ್ಗೆ ಮಾವನ ತೊಡೆಯ ಮೇಲೆ ತಿಪ್ಪನ ಜವಳ ಆಯಿತು. ಎಲೆಯ ಮೇಲಿಟ್ಟು ಬಿಟ್ಟ ಕೂದಲನ್ನು ಹೊಳೆ ಕೊಂಡೊಯ್ದಿತು. ಗೌರತ್ತೆ "ನನ್ನ ಎಲ್ಲಾ ಮಕ್ಕಳಿಗಿಂತ ಇವನೇ ಚೆಂದ, ಕೊಡಾಕ ಮನಸ್ಸು ಬರವಲ್ದು" ಎಂದು ಸತಾಯಿಸಿ, ಕೊನೆಗೆ ಒಂದು ಮೊರ ಜೋಳ ತೆಗೆದುಕೊಂಡು ಅವನನ್ನು ಅವ್ವನ ಉಡಿಗೆ ಹಾಕಿದಳು.

"ಈಗ ಮಗ ಅಂತ ಕರಿ, ಹೊಟ್ಟೆ ತುಂಬ ಕರಿ" ಅಂದಳು ಅಜ್ಜಿ.

ಗಂಧ ಹಚ್ಚಿದ ಆ ಬೋಳುತಲೆಯನ್ನು ಅವ್ವ ಮೂಸಿದಳಷ್ಟೇ. ಊಟವಾಗಿ, ಪಾತ್ರೆ ತೊಳೆದು, ಎತ್ತು ಕಟ್ಟುವಾಗ, ತಿಪ್ಪ ಮರಳಲ್ಲಿ ಆಡುತ್ತಿದ್ದ. ಅವ್ವ ಬಂಡಿಯ ಬಳಿ ನಿಂತು, ದಿನಾ ಕರೆಯುವವಳಂತೆ ಕರೆದಳು.

"ಮಗನೇ, ಬಾರೋ, ಬಂಡಿ ಹೊಂಟಾವು."

ತಿಪ್ಪ ತಲೆ ಎತ್ತಿ ನೋಡಿದ. ಆಮೇಲೆ, ಅವ್ವ ಯಾರನ್ನು ಕರೆಯುತ್ತಿದ್ದಾಳೆ ಎಂದು ತಿರುಗಿ ತನ್ನ ಬೆನ್ನ ಹಿಂದೆ ನೋಡಿದ. ಹೆಂಗಸರೆಲ್ಲ ನಕ್ಕರು. ಗೌರತ್ತೆ ಮಾತ್ರ ನಗಲಿಲ್ಲ. ಮರಳಲ್ಲಿ ಇಳಿದು ಹೋಗಿ ಅವನ ಹೆಗಲು ಹಿಡಿದು ಅವ್ವನ ಕಡೆ ತಿರುಗಿಸಿದಳು. "ನಿನ್ನನ್ನೇ ಕಣೋ. ಹೋಗು."

ಗೌರತ್ತೆ ಹೋಗಿ ಬಹಳ ವರ್ಷವಾಯಿತು. ತಿಪ್ಪ ಮೊಮ್ಮಕ್ಕಳನ್ನು ಕಂಡು ಚೆನ್ನಾಗಿದ್ದಾನೆ. ನಾನೀಗ ದಾವಣಗೆರೆಯ ವಿದ್ಯಾನಗರದಲ್ಲಿ ಮಗನ ಮನೆಯಲ್ಲಿದ್ದೇನೆ. ಮೊನ್ನೆ ಮೊಮ್ಮಗನಿಗೆ ಜ್ವರ ನೆತ್ತಿಗೇರಿ ಆಸ್ಪತ್ರೆಗೆ ಸೇರಿಸಿದೆವು. ಔಷಧಿಯೇ ಕಾಣದೆ ಹೋದ ಅವ್ವನ ಆ ಎರಡು ಕೂಸುಗಳನ್ನು ನೆನೆದರೆ, ಆಸ್ಪತ್ರೆಗೆ ಕೈ ಮುಗಿಯಬೇಕು. ಮಗುವೂ ಗುಣವಾಗಿ ಮನೆಗೆ ಬಂತು. ಆದರೆ ಅಂದು ನರ್ಸಮ್ಮ ಬಾಗಿಲಲ್ಲಿ ನಿಂತು "ಮಗುವಿನ ತಾಯಿ ಒಬ್ರೇ ಒಳಗ ಬರ್ರಿ, ಉಳಿದೋರು ಹೊರಗ ಕೂಡ್ರಿ" ಅಂದಳು. ಸೊಸೆ ಎದ್ದಳು. ಹೋಗುವ ಮುಂಚೆ ಒಮ್ಮೆ ನಮ್ಮ ಕಡೆ ತಿರುಗಿ ನೋಡಿದಳು. ಸಾಲಾಗಿ ಕೂತಿದ್ದ ನಾವೆಲ್ಲ ಹೇಳಿದಂತೆ ಕೂತೇ ಇದ್ದೆವು. ಬಾಗಿಲು ಮುಚ್ಚಿತು, ಅವಳು ಒಬ್ಬಳೇ ಒಳಗೆ ಹೋದಳು.