ಅಪ್ಪನ ಎದೆಯೊಳಗಿನ ಕುದುರೆ

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಗುಬ್ಬಿಯಲ್ಲಿ ಮೇಷ್ಟ್ರಾಗಿ ನಿವೃತ್ತರಾಗಿದ್ದ ಅಪ್ಪ ಆರು ತಿಂಗಳಿಂದ ಕೆಮ್ಮುತ್ತಿದ್ದರು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೊಂದು ಕಲೆ. ಟೀಬಿ ಮಾತ್ರೆ ನುಂಗಿದ್ದೇ ಬಂತು, ಕಲೆ ಜಗ್ಗಲಿಲ್ಲ. ಎದೆ ಕೊಯ್ದೇ ನೋಡಬೇಕು ಎನ್ನುವ ಹಂತದಲ್ಲಿ ತುಮಕೂರಿನ ಡಾಕ್ಟರು, ಕಫದಲ್ಲಿ ಬೆಳೆದಿದ್ದ ಗುರುತು ಸಿಗದ ಬ್ಯಾಕ್ಟೀರಿಯಾವನ್ನು ಬೆಂಗಳೂರಿಗೆ ಕಳಿಸಿ ಜೀನ್ ಸೀಕ್ವೆನ್ಸಿಂಗ್ ಮಾಡಿಸಿದರು. ಕ್ರಿಮಿಯ ಜೀನನ್ನು ಅಕ್ಷರಕ್ಷರ ಓದಿ ಅದು ಯಾರೆಂದು ಹೇಳುವ ಪರೀಕ್ಷೆಯಂತೆ.

ರಿಪೋರ್ಟ್ ಬಂತು. ಇದು ಕುದುರೆಗಳ ಸೋಂಕು, ಲದ್ದಿಯ ಧೂಳಿನಿಂದ ಅಪರೂಪಕ್ಕೆ ಮನುಷ್ಯರಿಗೂ ಬರುತ್ತದೆ, ಮಂಡಿನೋವಿಗೆ ಸ್ಟೀರಾಯ್ಡ್ ನುಂಗುವ ನಿಮ್ಮಂಥವರಿಗೆ ಇನ್ನೂ ಸುಲಭ ಎಂದರು ಡಾಕ್ಟರು. ಕುದುರೆ ಹತ್ತಿರ ಓಡಾಡುತ್ತೀರಾ ಎಂದು ಕೇಳಿದರು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತ ಇಲ್ಲ ಎಂದರು.

ಅಮ್ಮನಿಗೆ ರೇಗಿತು. ನಮ್ಮ ವಂಶದಲ್ಲೇ ಯಾರೂ ಕುದುರೆ ಮುಟ್ಟಿಲ್ಲ, ಮದುವೆಗೂ ಇವರು ಅಂಬಾಸಿಡರ್ ಕಾರಲ್ಲೇ ಬಂದದ್ದು, ಪ್ರತಿ ಸೋಮವಾರ ಉಪವಾಸವಿದ್ದು ಕುಣಿಗಲ್ ದಾಟಿ ಎಡೆಯೂರಿಗೆ ಹೋಗಿ ಪ್ರಸಾದ ತರುವ ಮನುಷ್ಯ ಎಂದು ವಾದಕ್ಕೆ ನಿಂತಳು. ಅವಳ ಮಗಳು ನಾನೂ ಕಡಿಮೆಯಿಲ್ಲ. ಲ್ಯಾಬಿನವರು ಸ್ಯಾಂಪಲ್ ಅದಲುಬದಲು ಮಾಡಿದ್ದಾರೆ, ನಮ್ಮಪ್ಪನ ರಿಪೋರ್ಟ್ ಪಾಪ ಯಾವ ಕುದುರೆಗೆ ಹೋಗಿದೆಯೋ ಎಂದು ಕೂಗಾಡಿದೆ. ಡಾಕ್ಟರು ಸೋತರು. ಹಾಗಾದರೆ ಇದನ್ನು ನಂಬುವಂತಿಲ್ಲ, ಆಪರೇಷನ್ನೇ ದಾರಿ ಎಂದು ಒಪ್ಪಿಗೆ ಪತ್ರ ಮುಂದಿಟ್ಟರು.

ಅಪ್ಪ ಪೆನ್ನು ಹಿಡಿದರು. ಸಹಿ ಅರ್ಧಕ್ಕೆ ನಿಂತಿತು.

"ಕುಣಿಗಲ್ಲಲ್ಲೇ ಇಳ್ಕಂತಿದ್ದೆ," ಎಂದರು.

ಅಲ್ಲಿ ಹಳೆಯ ಜಟಕಾದವನೊಬ್ಬನ ಮುದಿ ಕುದುರೆ ಇತ್ತಂತೆ. ಲಾಯ ಗುಡಿಸಿ, ಬೆಲ್ಲ ತಿನ್ನಿಸಿ, ಅದರ ಪಕ್ಕ ಕೂತಿದ್ದು ಸಂಜೆ ಬಸ್ಸಿಗೆ ವಾಪಸ್. ಹನ್ನೊಂದು ವರ್ಷ!

"ಮತ್ತೆ ಪ್ರಸಾದ?" ಅಮ್ಮ ಕೇಳಿದಳು.

"ಬಸ್‌ಸ್ಟ್ಯಾಂಡ್ ಅಂಗಡೀದು."

ನನಗೆ ಮೈಯೆಲ್ಲ ಉರಿಯಿತು. ಪ್ರಸಾದವೆಂದು ತಂದ ಆ ಬಾಳೆಹಣ್ಣನ್ನು ಹನ್ನೊಂದು ವರ್ಷ ಕಣ್ಣಿಗೊತ್ತಿಕೊಂಡು ತಿಂದಿದ್ದೆವು. ಅಮ್ಮ ಮಾತ್ರ, ಆ ಕುದುರೆಯಲ್ಲಿ ಅಂಥದ್ದೇನಿತ್ತು ಎಂದು ಮೆಲ್ಲಗೆ ಕೇಳಿದಳು.

"ಹೇಳಿದ್ದು ಕೇಳುಸ್ಕಂತದೆ ಕಣೇ. ಮಧ್ಯ ಬಾಯ್ ಹಾಕಲ್ಲ."

ಡಾಕ್ಟರು ಒಪ್ಪಿಗೆ ಪತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು.

ಸರಿಯಾದ ಮಾತ್ರೆಗೆ ಕಲೆ ಕರಗುತ್ತ ಬಂತು. ಇನ್ನು ಕುದುರೆ ಸಹವಾಸ ಬೇಡವೆಂದು ಕಟ್ಟಪ್ಪಣೆಯಾಯಿತು. ಮೊದಲ ಸೋಮವಾರ ಅಮ್ಮ ಕೆಲಸವೆಲ್ಲ ಬಿಟ್ಟು ಅಪ್ಪನ ಎದುರು ಮಣೆ ಹಾಕಿಕೊಂಡು ಕೂತಳು.

"ಹೇಳಿ. ನಾನೂ ಬಾಯ್ ಹಾಕಲ್ಲ."

ಒಂದು ಗಂಟೆ ಅವಳು ನಿಜಕ್ಕೂ ತುಟಿ ಬಿಚ್ಚಲಿಲ್ಲ. ಅಪ್ಪನಿಗೆ ಒಂದು ಮಾತೂ ಹೊರಡಲಿಲ್ಲ. ಕೊನೆಗೆ, ಅದಕ್ಕೆ ಈಗ ಬೆಲ್ಲ ಕೊಡುವವರಿಲ್ಲ ಎಂದಷ್ಟೇ ಹೇಳಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಮುಂದಿನ ಸೋಮವಾರ ಅಮ್ಮ ಒಂದು ಅಚ್ಚು ಬೆಲ್ಲ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದಳು. ಸಂಜೆ ಬರುವಾಗ ಬಾಳೆಹಣ್ಣು ತಂದಳು. ಮೂವರೂ ಕಣ್ಣಿಗೊತ್ತಿಕೊಂಡು ತಿಂದೆವು.